ಬ್ರೇಕ್ ಅಕ್ಕ ವಿಶ್ವವಿದ್ಯಾಲಯ ಸೇರಿದ್ದು

ಆಕೆಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆದರೆ ಡ್ರೈವಿಂಗ್ ಲೈಸೆನ್ಸಿನ ಮೇಲೆ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಬೀದಿಗೆಲ್ಲ ಆಕೆ ಬ್ರೇಕ್ ಅಕ್ಕ. ಡ್ರೈವಿಂಗ್ ಸ್ಕೂಲಿನ ಬಿಳಿ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕಿನ ಮೇಲೆ ಪಾದವಿಟ್ಟುಕೊಂಡು, "ಬ್ರೇಕ್! ಬ್ರೇಕ್! ಅಯ್ಯೋ, ಬ್ರೇಕ್ ಅಂದ್ನಲ್ರೀ!" ಎಂದು ಆಕೆ ಕೂಗಿದರೆ, ಗಾಜು ಏರಿಸಿದ್ದರೂ ಪಕ್ಕದ ಬೀದಿಯವರು ಬೆಚ್ಚಿಬೀಳುತ್ತಿದ್ದರು. ಆ ಕೂಗು ಕೇಳಿದ್ದೇ ತಡ, ನಡೆಯುವವರು ಫುಟ್‌ಪಾತಿಗೆ ಹತ್ತಿಬಿಡುತ್ತಿದ್ದರು. ಆಕೆಯ ಕೈಯಲ್ಲಿ ಕಲಿತ ಯಾರೂ ಯಾರಿಗೂ ಗುದ್ದಿಲ್ಲ ಎಂಬ ಹೆಗ್ಗಳಿಕೆಗೆ ಇದೂ ಒಂದು ಕಾರಣವಿರಬೇಕು.

ನಲವತ್ತು ದಾಟಿದ್ದ ಆಕೆ ಹತ್ತನೇ ತರಗತಿಗೇ ಶಾಲೆಗೆ ಶರಣು ಹೊಡೆದು ಬಂದವಳು. ಗಣಿತ ಕೈಕೊಟ್ಟಿತ್ತು. ಆಮೇಲೆ ಮದುವೆ, ಮನೆ. ಗಂಡನದು ಸೋಫಾ ರಿಪೇರಿ ಅಂಗಡಿ. ಅಂಗಡಿಯ ಮೇಲೆಯೇ ಮನೆ. ಮೆಟ್ಟಿಲು ಹತ್ತುವಾಗ ಗೋಂದು, ಹೊಸ ಸ್ಪಂಜು, ಹಳೇ ರೆಕ್ಸಿನ್ನಿನ ವಾಸನೆ ಒಟ್ಟಿಗೇ ಮೂಗಿಗೆ ಬಡಿಯುತ್ತಿತ್ತು. ಗಂಡನ ಬಾಯಲ್ಲಿ ಸದಾ ಸಣ್ಣ ಮೊಳೆಗಳಿರುತ್ತಿದ್ದುದರಿಂದ ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಹೆಂಡತಿ ಇಡೀ ದಿನ ಕೂಗಿ ಬಂದು ಮನೆಯಲ್ಲಿ ಗಂಟಲಿಗೆ ರಜೆ ಕೊಡುತ್ತಿದ್ದಳು. ಹಾಗಾಗಿ ಮನೆಯಲ್ಲಿ ಮಾತಿನ ಪೂರ್ತಿ ಗುತ್ತಿಗೆ ಅತ್ತೆಯದು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ದುಡಿದು ನಿವೃತ್ತಳಾದವಳು. ಊರಿನ ಅರ್ಧದಷ್ಟು ಗುಟ್ಟು ಆಕೆಯ ಕಿವಿಯ ಮೂಲಕವೇ ಹಾದುಹೋಗಿತ್ತು. ಅವನ್ನೆಲ್ಲ ಉಪ್ಪು ಖಾರ ಹಚ್ಚಿ ಹೇಳುವುದೇ ಆಕೆಯ ನಿವೃತ್ತಿಯ ನಂತರದ ಉದ್ಯೋಗ.

ಅಂಥ ಅತ್ತೆ ಒಂದು ಬೆಳಿಗ್ಗೆ ಚಹಾದ ಲೋಟ ಕೆಳಗಿಟ್ಟು, "ಕೊಡೆ" ಎಂದಳು.

"ಏನ್ ಕೊಡ್ಲಿ ಅತ್ತೆ? ಇನ್ನೂ ಚಹಾ ಬೇಕಾ?"

"ಕೊಡೆ."

"ಅದೇ, ಏನ್ ಕೊಡ್ಲಿ ಅಂತ."

"ಕೊಡೆ! ಕೊಡೆ!" ಅತ್ತೆಯ ಕಣ್ಣಲ್ಲಿ ಸಿಟ್ಟು, ಆಮೇಲೆ ಭಯ. ಮಗ ಏನೂ ತೋಚದೆ ಬಾಗಿಲ ಹಿಂದಿದ್ದ ಛತ್ರಿ ತಂದು ಕೈಗೆ ಕೊಟ್ಟ. ಹೊರಗೆ ಬಿಸಿಲು ಸುಡುತ್ತಿತ್ತು. ಆಗ ಬ್ರೇಕ್ ಅಕ್ಕನಿಗೆ ಅತ್ತೆಯ ತುಟಿ ಒಂದು ಕಡೆಗೆ ವಾಲಿರುವುದು ಕಾಣಿಸಿತು. ಅತ್ತೆಯನ್ನು ಎತ್ತಿಕೊಂಡು ಮೆಟ್ಟಿಲಿಳಿದು, ನೆತ್ತಿಯ ಮೇಲೆ ಕಲಿಕೆಯ ಫಲಕ ಹೊತ್ತ ಕಾರಿನಲ್ಲೇ ಆಸ್ಪತ್ರೆಗೆ ಹಾರಿಸಿದಳು. ಇಂಥ ಕಾರು ಇಷ್ಟು ಜೋರಾಗಿ ಹೋಗಬಹುದೆಂದು ರಸ್ತೆಯವರಿಗೆ ಅವತ್ತೇ ಗೊತ್ತಾದದ್ದು.

ಪುಣ್ಯಕ್ಕೆ ಬೇಗ ತಲುಪಿದ್ದರು. ಕೈಕಾಲು ಮೆಲ್ಲಗೆ ಸ್ವಾಧೀನಕ್ಕೆ ಬಂದವು. ಮಾತು ಮಾತ್ರ ಬರಲಿಲ್ಲ. ಹಸಿವಾದರೂ ಕೊಡೆ, ನಿದ್ದೆ ಬಂದರೂ ಕೊಡೆ. ಮಗ ಕಂಡರೆ ಪ್ರೀತಿಯ ಕೊಡೆ, ಪಕ್ಕದ ಮನೆಯಾಕೆ ಕಂಡರೆ ಕಹಿಯ ಕೊಡೆ. ಹೇಳಬೇಕಾದದ್ದು ತಲೆಯೊಳಗೆ ತುಂಬಿ ತುಳುಕುತ್ತಿದೆ, ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲವೂ ಕೊಡೆಯಾಗಿಬಿಡುತ್ತದೆ ಎಂಬುದು ಆಕೆಯ ಮುಖ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು.

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಮಾತು ಕಲಿಸುವ ಒಂದು ಚಿಕ್ಕ ಕೋಣೆಯಿತ್ತು. ಒಂದು ಮೇಜು, ಒಂದು ಕನ್ನಡಿ, ಚಿತ್ರದ ಕಾರ್ಡುಗಳ ಡಬ್ಬಿ. ಅಲ್ಲಿದ್ದ ತೆಳ್ಳಗಿನ ಹುಡುಗಿಯನ್ನು ಎಲ್ಲರೂ ಮಾತಿನ ಡಾಕ್ಟರು ಎನ್ನುತ್ತಿದ್ದರು. ಬ್ರೇಕ್ ಅಕ್ಕ ವಾರ ವಾರ ಅತ್ತೆಯನ್ನು ಕರೆದೊಯ್ದು ಮೂಲೆಯ ಸ್ಟೂಲಿನಲ್ಲಿ ಮುದುರಿ ಕೂರುತ್ತಿದ್ದಳು. ಬಾಚಣಿಗೆಯ ಚಿತ್ರ ತೋರಿಸಿದರೆ ಕೊಡೆ. ಬೆಕ್ಕಿನ ಚಿತ್ರಕ್ಕೂ ಕೊಡೆ. ಕೊಡೆಯ ಚಿತ್ರ ತೋರಿಸಿದ ದಿನ ಮಾತ್ರ ಅತ್ತೆ ತುಟಿ ಬಿಗಿಹಿಡಿದು ಸುಮ್ಮನೆ ಕೂತಳು.

"ಅಜ್ಜಿ ಮುಂಚೆ ಏನ್ ಕೆಲ್ಸ ಮಾಡ್ತಿದ್ರು?" ಎಂದು ಒಂದು ದಿನ ಮಾತಿನ ಡಾಕ್ಟರು ಕೇಳಿದಳು. ಬ್ರೇಕ್ ಅಕ್ಕ ಹೇಳಿದಳು. ಹುಡುಗಿ ಕೈಯಲ್ಲಿದ್ದ ಪೆನ್ನನ್ನು ರಿಸೀವರಿನಂತೆ ಕಿವಿಗೆ ಹಿಡಿದು, "ಟ್ರಿಣ್ ಟ್ರಿಣ್... ಹಲೋ?" ಎಂದಳು.

ಅತ್ತೆಯ ಬೆನ್ನು ತಾನಾಗಿ ನೆಟ್ಟಗಾಯಿತು. ಸ್ಫುಟವಾಗಿ, ಜೇನಿನಂಥ ದನಿಯಲ್ಲಿ, "ನಮಸ್ಕಾರ, ಯಾವ ನಂಬರು ಬೇಕು?" ಎಂದಳು.

ತನ್ನ ಬಾಯಿಂದ ಬಂದದ್ದಕ್ಕೆ ತಾನೇ ಬೆರಗಾಗಿ ಅತ್ತೆ, "ಕೊಡೆ!" ಎಂದು ಚೀರಿದಳು. ಮಾತಿನ ಡಾಕ್ಟರು ಕುಣಿದಾಡಿಬಿಟ್ಟಳು. ಬ್ರೇಕ್ ಅಕ್ಕ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಸ್ಟೂಲು ಮಾತ್ರ ಮಗುಚಿಬಿತ್ತು.

"ಮಾತೆಲ್ಲ ಒಳಗೇ ಇದೆ ಅಕ್ಕಾ," ಹುಡುಗಿ ಆಮೇಲೆ ವಿವರಿಸಿದಳು. "ದಾರಿ ಕೆಟ್ಟಿದೆ ಅಷ್ಟೆ. ವರ್ಷಗಟ್ಟಲೆ ದಿನಾ ಹೇಳಿದ್ದು ಬೇರೆ ದಾರೀಲಿ ಬಂದ್ಬಿಡುತ್ತೆ. ಆ ದಾರಿ ಹಿಡಿದು ಉಳಿದಿದ್ದನ್ನೂ ಒಂದೊಂದಾಗಿ ಕರ್ಕೊಂಡ್ ಬರ್ಬೇಕು."

ಅವತ್ತು ಬ್ರೇಕ್ ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಾರ್ಕಿಂಗಿನಲ್ಲಿ ಕಾರು ತೆಗೆಯಲು ಹೋಗಿ, ಊರಿಗೆಲ್ಲ ಕ್ಲಚ್ಚಿನ ಪಾಠ ಹೇಳುವವಳು, ಗಾಡಿಯನ್ನು ಮತ್ತೆ ಮತ್ತೆ ಆಫ್ ಮಾಡಿಕೊಂಡಳು. ಕೊನೆಗೆ ಅತ್ತೆಯನ್ನು ಸೀಟಿನಲ್ಲೇ ಬಿಟ್ಟು ಮೂರನೇ ಮಹಡಿಗೆ ಓಡಿದಳು.

"ಡಾಕ್ಟರಮ್ಮಾ, ಈ ಕೆಲ್ಸ ನಾನೂ ಕಲೀಬೋದಾ?"

"ಯಾಕಾಗಲ್ಲ? ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮಾಡ್ಬೇಕು."

"ನಾನು ಹತ್ತನೇ ಕ್ಲಾಸ್ ಫೇಲು."

"ಹಾಗಾದ್ರೆ ಅದಕ್ಕೆ ಮುಂಚೆ ಒಂದು ವರ್ಷ ತಯಾರಿ ಕೋರ್ಸಿದೆ. ಓದು ಬಿಟ್ಟ ದೊಡ್ಡವರಿಗೇ ಅಂತ. ಅದು ಪಾಸಾದ್ರೆ ಅರ್ಜಿ ಹಾಕ್ಬೋದು."

ಮನೆಗೆ ಬಂದು ಗಂಡನ ಮುಂದೆ ವಿಷಯ ಇಟ್ಟಾಗ ಅವನು ಒಂದು ಸೋಫಾದ ಕೈಗೆ ಬಟ್ಟೆ ಬಿಗಿಯುತ್ತಿದ್ದ. ಬಾಯಲ್ಲಿ ಮೊಳೆ. "ರೀ, ನಾನು ಓದ್ತೀನಿ. ವಿಶ್ವವಿದ್ಯಾಲಯಕ್ಕೆ ಹೋಗ್ತೀನಿ" ಎಂದಳು. ಗಂಡ ಕಣ್ಣು ಬಿಟ್ಟವನು ಬಿಟ್ಟೇ ಇದ್ದ. ಆಮೇಲೆ ಗಂಟಲು ಹಿಡಿದುಕೊಂಡು ಕೆಮ್ಮತೊಡಗಿದ. ಬ್ರೇಕ್ ಅಕ್ಕ ಬೆನ್ನಿಗೆ ಗುದ್ದಿದಳು. ಮೊಳೆಗಳು ಒಂದೊಂದಾಗಿ ನೆಲಕ್ಕೆ ಉದುರಿದವು. ಎಲ್ಲ ಬಂದವೆಂದು ಖಚಿತಪಡಿಸಿಕೊಂಡ ಮೇಲೆ ಅವನು ಹೇಳಿದ್ದು ಇಷ್ಟೇ: "ಓದು ಕಣೇ. ಆದ್ರೆ ಇಂಥಾ ಮಾತನ್ನ ನಾನು ಕೈ ತೊಳ್ಕೊಂಡು ಕೂತಿರೋವಾಗ ಹೇಳು."

ತಯಾರಿ ತರಗತಿ ನಡೆಯುತ್ತಿದ್ದದ್ದು ಒಂದು ಪ್ರಾಥಮಿಕ ಶಾಲೆಯಲ್ಲಿ, ಮಕ್ಕಳು ಬರುವುದಕ್ಕೆ ಮುಂಚೆ, ಬೆಳಗಿನ ಹೊತ್ತು. ಬೆಂಚುಗಳು ಪುಟಾಣಿಗಳ ಅಳತೆಯವು. ಬ್ರೇಕ್ ಅಕ್ಕ ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಗೋಡೆಯ ಮೇಲೆ ಬಣ್ಣದ ಕಾಗದದ ಮೊಲಗಳು. ಮೊದಲ ದಿನ ಹೊಸ ಪೆನ್ಸಿಲಿನ ವಾಸನೆಗೇ ಆಕೆಯ ತಲೆ ತಿರುಗಿತು. ಅಕ್ಕಪಕ್ಕದವರನ್ನು ನೋಡಿ ಸುಮ್ಮಸುಮ್ಮನೆ ನಕ್ಕಳು. ಅವರೂ ನಕ್ಕರು. ಎಲ್ಲರದೂ ಒಂದೇ ಪಾಡು.

ಅಷ್ಟರಲ್ಲಿ ಗಣಿತದ ಮೇಷ್ಟ್ರು ಒಳಗೆ ಬಂದರು. ಬ್ರೇಕ್ ಅಕ್ಕನ ನಗು ಅಲ್ಲೇ ಹೆಪ್ಪುಗಟ್ಟಿತು. ಮೇಷ್ಟ್ರ ಕೈಯ ಸೀಮೆಸುಣ್ಣ ಕೆಳಗೆ ಬಿತ್ತು.

ಅವರು ಬೇರೆ ಯಾರೂ ಅಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಪರೀಕ್ಷೆಯ ಮೇಲೆ ಪರೀಕ್ಷೆ ಫೇಲಾಗುತ್ತಿದ್ದ, ಹಿಂದಿನ ದಿನವಷ್ಟೇ ಬ್ರೇಕ್ ಅಕ್ಕನ ಕೈಯಲ್ಲಿ "ಸ್ವಾಮೀ, ನಿಮಗೆ ಎಡ ಬಲ ಹೇಳಿಕೊಟ್ಟ ಪುಣ್ಯಾತ್ಮ ಯಾರು?" ಎಂದು ಬೈಸಿಕೊಂಡಿದ್ದ ಸಂಭಾವಿತ ಮನುಷ್ಯ. ಮೇಷ್ಟ್ರು ಸೀಮೆಸುಣ್ಣ ಎತ್ತಿಕೊಂಡು ಹಾಜರಿ ಕೂಗಿದರು. ಆಕೆಯ ಸರದಿ ಬಂದಾಗ ಅಭ್ಯಾಸಬಲದಿಂದ, "ಬಂದಿದೀರಾ ಮೇಡಂ?" ಎಂದುಬಿಟ್ಟರು. ಬ್ರೇಕ್ ಅಕ್ಕ ಬೆಂಚಿನಿಂದ ಮೊಣಕಾಲು ಬಿಡಿಸಿಕೊಂಡು ಎದ್ದು, "ಬಂದಿದೀನಿ ಸಾರ್" ಎಂದಳು. ಜೀವನದಲ್ಲಿ ಅಷ್ಟು ಮೆತ್ತಗೆ ಆಕೆ ಮಾತಾಡಿದ್ದು ಅದೇ ಮೊದಲು.

ಸೇಡು ತೀರಿಸಿಕೊಳ್ಳುತ್ತಾರೆಂದು ಆಕೆ ಕಾದಳು. ಮೇಷ್ಟ್ರು ಅಂಥ ಜಾತಿಯವರಲ್ಲ. ಭಿನ್ನರಾಶಿ ಕೂಡಲು ಕೊಟ್ಟಾಗ ಬ್ರೇಕ್ ಅಕ್ಕ ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿ ಬರೆದು ತೋರಿಸಿದಳು. ಅವರು ಪುಸ್ತಕವನ್ನು ತುಂಬ ಹೊತ್ತು ನೋಡಿ, "ಇದನ್ನ ಬರೆಯೋವಾಗ ನಿಮ್ಮ ಮನಸ್ಸಲ್ಲಿ ಏನು ಓಡ್ತಿತ್ತು, ಹೇಳಿ" ಎಂದರು. ಗೇಲಿಯಲ್ಲ, ನಿಜವಾದ ಕುತೂಹಲ. ತಪ್ಪು ಮಾಡುವಾಗ ಮನಸ್ಸಿನಲ್ಲಿ ಏನಿತ್ತೆಂದು ಆಕೆಯನ್ನು ಯಾರೂ ಹಿಂದೆ ಕೇಳಿರಲಿಲ್ಲ. ಹೇಳಲು ಹೊರಟವಳಿಗೆ ಅರ್ಧ ದಾರಿಯಲ್ಲೇ ತನ್ನ ತಪ್ಪು ಕಂಡಿತು. "ಅಯ್ಯಯ್ಯೋ ಸಾರ್! ಅರ್ಧಕ್ಕೆ ಅರ್ಧ ಕೂಡಿದ್ರೆ ಮತ್ತೆ ಅರ್ಧಾನೇ ಆಯ್ತಲ್ಲ ಇದು!" ಎಂದು ಕೂಗಿದ್ದಕ್ಕೆ ಗೋಡೆಯ ಮೇಲಿನ ಕಾಗದದ ಮೊಲವೊಂದು ಕಳಚಿ ಬಿತ್ತೆಂದು ಪಕ್ಕದ ಬೆಂಚಿನವರು ಇಂದಿಗೂ ಹೇಳುತ್ತಾರೆ.

ಆಕೆ ಆ ಪ್ರಶ್ನೆಯನ್ನು ಕಾರಿಗೂ ತಂದಳು. ಒಬ್ಬ ನರ್ಸಮ್ಮ ತಿರುವಿನಲ್ಲಿ ಕಾರನ್ನು ಸೀದಾ ಫುಟ್‌ಪಾತಿಗೆ ಹತ್ತಿಸಿದಾಗ, ಬಾಯಿಗೆ ಬಂದ ಕೂಗನ್ನು ನುಂಗಿಕೊಂಡು, "ಈಗ ನಿಮ್ಮ ಮನಸ್ಸಲ್ಲಿ ಏನು ಓಡ್ತಿತ್ತು ಹೇಳಿ ನೋಡೋಣ" ಎಂದಳು. ನರ್ಸಮ್ಮ ಗಾಬರಿಯಿಂದ ಆಕೆಯ ನಾಡಿ ಹಿಡಿದು, "ಅಕ್ಕಾ, ಮೈಗೆ ಹುಷಾರಿಲ್ವಾ?" ಎಂದಳು.

ಓದು ಆಕೆಯ ತಲೆಗೆ ಏರಿಬಿಟ್ಟಿತು. ಮಿದುಳಿನ ಪಾಠ ಆದ ವಾರ ಕೆಂಪು ದೀಪದ ಮುಂದೆ ಕಾರು ನಿಂತಾಗಲೆಲ್ಲ ಪಾಠ ಶುರು. "ನೋಡಿ, ಮಾತು ಹುಟ್ಟೋದು ಇಲ್ಲಿ, ಎಡಗಡೆ, ಕಿವಿ ಮೇಲ್ಗಡೆ. ಅರ್ಥ ಆಗೋದು ಸ್ವಲ್ಪ ಹಿಂದೆ. ಎಷ್ಟು ಮಜಾ ಅಲ್ವಾ?" ಕಲಿಯುವವರು ತಲೆ ಮುಟ್ಟಿ ಮುಟ್ಟಿ ನೋಡಿಕೊಳ್ಳುವಷ್ಟರಲ್ಲಿ ದೀಪ ಹಸಿರಾಗಿ, ಮತ್ತೆ ಕೆಂಪಾಗಿ, ಹಿಂದಿನವರ ಹಾರ್ನು ಮುಗಿಲು ಮುಟ್ಟುತ್ತಿತ್ತು. ಗಂಡನಿಗೆ ಸೋಫಾದ ಸ್ಪ್ರಿಂಗಿನ ನಡುವೆ ನರಮಂಡಲ ತೋರಿಸಿದಳು. ಪ್ರಬಂಧ ತಿದ್ದುವ ಮೇಡಂ ಮಾತ್ರ ತಲೆ ಚಚ್ಚಿಕೊಂಡರು: ಆಕೆ ಪ್ರತಿ ವಾಕ್ಯದ ಕೊನೆಗೂ ಆಶ್ಚರ್ಯಸೂಚಕ ಚಿಹ್ನೆ ಹಾಕುತ್ತಿದ್ದಳು. "ನೀರು ಕುದಿಯುತ್ತದೆ ಅನ್ನೋದಕ್ಕೂ ಆಶ್ಚರ್ಯವೇನಮ್ಮಾ?" ಎಂದರೆ, "ಅದೇ ದೊಡ್ಡ ಆಶ್ಚರ್ಯ ಅಲ್ವಾ ಮೇಡಂ?" ಎಂದಳು.

ಆದರೆ ಗಣಿತ ಅಷ್ಟು ಸುಲಭವಾಗಿ ಬಿಡಲಿಲ್ಲ. ವರ್ಷದ ನಡುವಿನ ಪರೀಕ್ಷೆಯಲ್ಲಿ ಮತ್ತೆ ಫೇಲು. ಹುಡುಗಿಯಾಗಿದ್ದಾಗ ಆದಂತೆಯೇ ಕಿವಿ ಬಿಸಿಯಾಯಿತು. ಮಾರನೇ ಬೆಳಿಗ್ಗೆ ಆಕೆ ಏಳಲೇ ಇಲ್ಲ. "ಸಾಕು ರೀ, ನನ್ನ ತಲೇಗೆ ಇದೆಲ್ಲ ಹತ್ತಲ್ಲ" ಎಂದು ಹೊದಿಕೆ ಎಳೆದುಕೊಂಡಳು. ಗಂಡ ಚಹಾ ತಂದಿಟ್ಟು ಬಾಗಿಲಲ್ಲಿ ನಿಂತ. ಬಾಯಲ್ಲಿ ಮೊಳೆಯಿಲ್ಲದಿದ್ದರೂ ಮಾತು ಹೊರಡಲಿಲ್ಲ.

ಆಗ ಕೋಲೂರಿಕೊಂಡು ಅತ್ತೆ ಬಂದಳು. ಅಷ್ಟು ಹೊತ್ತಿಗೆ ಆಕೆಗೆ ಬಿಡಿಬಿಡಿ ಮಾತು ಬರತೊಡಗಿತ್ತು: ನೀರು, ಬೇಡ, ಬಾ, ಸುಮ್ನಿರು. ಫೋನಿನ ಆ ಹಳೇ ಮಾತು ಬಿಟ್ಟರೆ ಎರಡಕ್ಕಿಂತ ಹೆಚ್ಚು ಪದ ಒಟ್ಟಿಗೆ ಬಂದದ್ದಿಲ್ಲ. ಮಂಚದ ತುದಿಯಲ್ಲಿ ಕೂತು ಸೊಸೆಯ ಹೊದಿಕೆ ಎಳೆದಳು. ಬಾಯಿ ತೆರೆದಳು, ಮುಚ್ಚಿದಳು. ಹಣೆಯಲ್ಲಿ ಬೆವರು.

"ನೀನು..." ಎಂದಳು. ಕಾದಳು. "ನೀನು... ಇವತ್ತು... ಯಾಕೆ..." ಬೆರಳಿನಿಂದ ಗಾಳಿಯಲ್ಲಿ ಏನನ್ನೋ ಹುಡುಕಿದಳು. "ಕೊ... ಅಲ್ಲ. ಅಲ್ಲ. ಕ್ಲಾ... ಕ್ಲಾಸಿಗೆ... ಹೋಗಿಲ್ಲ?"

ಬ್ರೇಕ್ ಅಕ್ಕ ಹೊದಿಕೆ ಒದ್ದು ಎದ್ದು ಕೂತಳು. "ಅತ್ತೇ! ಪೂರ್ತಿ ವಾಕ್ಯ! ರೀ, ಕೇಳಿದ್ರಾ? ಪ್ರಶ್ನೆ ರೀ, ಪ್ರಶ್ನೆ! ಕೊಡೆ ಬರೋದ್ರಲ್ಲಿತ್ತು, ಅತ್ತೆ ತಾವೇ ತಡೆದ್ರು!" ಗಂಡ ಅಮ್ಮನ ಕೈ ಹಿಡಿದುಕೊಂಡು ಮಗುವಿನಂತೆ ಅತ್ತ. ಅತ್ತೆಗೆ ಈ ಸಂಭ್ರಮ ಬೇಕಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಬಂದಿಲ್ಲವೆಂದು ಕೋಲಿನಿಂದ ನೆಲ ಕುಟ್ಟಿದಳು. ಸೊಸೆ ತಲೆ ಬಾಚಿಕೊಳ್ಳದೆಯೇ ತರಗತಿಗೆ ಓಡಿದಳು.

ಮೇಷ್ಟ್ರು ಫೇಲಾದ ಉತ್ತರಪತ್ರಿಕೆಯನ್ನು ಬೆಂಚಿನ ಮೇಲೆ ಹರಡಿ, "ಎಲ್ಲಿಂದ ಶುರು ಮಾಡೋಣ?" ಎಂದರು. ಅಲ್ಲಿಂದಾಚೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ತರಗತಿ ಮುಗಿದ ಮೇಲೆ ಮೇಷ್ಟ್ರಿಗೆ ಕಾರನ್ನು ಹಿಮ್ಮುಖವಾಗಿ ನಿಲ್ಲಿಸುವ ಅಭ್ಯಾಸ. ಕಾರು ನಿಂತ ಮೇಲೆ, ಅದು ಎಷ್ಟೇ ಸೊಟ್ಟಗೆ ನಿಂತಿರಲಿ, ಆಕೆಗೆ ಶೇಕಡಾವಾರು ಲೆಕ್ಕ. ಕಾರು ಓಡುವಾಗ ಆಕೆ ಮೇಡಂ, ಎಂಜಿನ್ ಆಫ್ ಮಾಡಿದ ಕೂಡಲೇ ಅವರು ಸಾರ್. ಒಮ್ಮೊಮ್ಮೆ ಗಡಿ ತಪ್ಪಿ, "ಕ್ಲಚ್ ಬಿಡಿ ಸಾರ್... ಅಲ್ಲ, ಬಿಡ್ರೀ!" ಎಂದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸರಾಸರಿ, ಶೇಕಡಾ, ನಕ್ಷೆ: ಒಂದೊಂದೇ ಆಕೆಯ ಕೈಗೆ ಪಳಗುತ್ತ ಬಂದವು.

ವಿಶ್ವವಿದ್ಯಾಲಯದ ಸಂದರ್ಶನದ ದಿನ ಆಕೆ ಇಸ್ತ್ರಿ ಮಾಡಿದ ಸೀರೆಯುಟ್ಟು ಹೋದಳು. ಉದ್ದನೆಯ ಮೇಜಿನ ಆಚೆ ಮೂವರು ಪ್ರಾಧ್ಯಾಪಕರು. ಮಧ್ಯದ ಪ್ರೊಫೆಸರಮ್ಮ ಕನ್ನಡಕ ಸರಿಪಡಿಸಿಕೊಂಡು ಕೇಳಿದರು: "ಈ ವಯಸ್ಸಲ್ಲಿ ನಾಲ್ಕು ವರ್ಷ ಓದೋಕೆ ನಿಮಗೆ ತಾಳ್ಮೆ ಇದೆಯಾ?"

ಗಾಬರಿಯಾದಾಗ ಆಕೆಯ ಬಲಗಾಲು ತಾನಾಗಿ ಬ್ರೇಕು ಹುಡುಕುತ್ತದೆ. ಮೇಜಿನಡಿ ಅದು ಜೋರಾಗಿ ಒತ್ತಿದ್ದು ಪ್ರೊಫೆಸರಮ್ಮನ ಪಾದವನ್ನು. ಅವರು "ಹಾ!" ಎಂದರು. ಬ್ರೇಕ್ ಅಕ್ಕ ಕೆಂಪಗಾಗಿ, "ಕ್ಷಮಿಸಿ ಮೇಡಂ, ಬ್ರೇಕು ಅನ್ಕೊಂಡೆ" ಎಂದಳು. ಮೂವರಿಗೂ ತಲೆಬುಡ ಅರ್ಥವಾಗಲಿಲ್ಲ. ವಿವರಿಸಲೇಬೇಕಾಯಿತು. ವಿವರಿಸುತ್ತ ವಿವರಿಸುತ್ತ ಕಾರು ಬಂತು, ಅತ್ತೆ ಬಂದಳು, ಕೊಡೆ ಬಂತು, ಪೆನ್ನಿನ ಫೋನು ಬಂತು. ಹೇಳುವ ಭರದಲ್ಲಿ ಆಕೆ ಎದ್ದು ನಿಂತು ಅತ್ತೆಯ ಬೆರಳು ಗಾಳಿಯಲ್ಲಿ ಪದ ಹುಡುಕಿದ್ದನ್ನು ಮಾಡಿ ತೋರಿಸಿದಳು. ಮುಗಿಸಿದಾಗ ಪ್ರೊಫೆಸರಮ್ಮ ಪಾದ ಉಜ್ಜಿಕೊಳ್ಳುತ್ತ, "ಆಮೇಲೇನಾಯ್ತು? ಅವರೇನಂದ್ರು?" ಎಂದು ಮುಂದಕ್ಕೆ ಬಾಗಿದ್ದರು. ಆದರೂ ಕಳಿಸುವಾಗ ಗಂಭೀರವಾಗಿ ಹೇಳಿದರು: "ಸೀಟು ಕೊಡ್ತೀವಿ. ಆದರೆ ಗಣಿತ ಪಾಸಾಗಿರಬೇಕು. ಅದರಲ್ಲಿ ರಿಯಾಯ್ತಿ ಇಲ್ಲ."

ಕೊನೆಯ ಪರೀಕ್ಷೆ ಬರೆದು ಬಂದವಳು ಊಟ ಸೇರದೆ, ಸೋಫಾದಿಂದ ಸೋಫಾಕ್ಕೆ ಎದ್ದು ಕೂತು, ಗಂಡ ರಿಪೇರಿ ಮಾಡಿದ್ದನ್ನೆಲ್ಲ ಮತ್ತೆ ಕುಸಿಯುವಂತೆ ಮಾಡಿದಳು. ಫಲಿತಾಂಶ ಫೋನಿಗೆ ಬಂದಾಗ ಆಕೆ ಕಾರಿನಲ್ಲಿದ್ದಳು. ಸ್ಟೀರಿಂಗ್ ಹಿಡಿದಿದ್ದವರು ಮೇಷ್ಟ್ರು. ಓದಿ ಆಕೆ ಹಾಕಿದ ಕೂಗಿಗೆ ಮೇಷ್ಟ್ರು ಬೆದರಿ ಬ್ರೇಕು ಒತ್ತಿದರು. ಕಾರು ರಸ್ತೆಯ ನಟ್ಟನಡುವೆ ಗಕ್ಕನೆ ನಿಂತಿತು.

"ಏನಾಯ್ತು ಮೇಡಂ? ಯಾರಾದ್ರೂ ಅಡ್ಡ ಬಂದ್ರಾ?"

"ಪಾಸು ಸಾರ್! ಗಣಿತ ಪಾಸು! ಸೀಟು ಸಿಕ್ತು ಸಾರ್!"

ಮೇಷ್ಟ್ರು ಕಾರಿನಿಂದ ಇಳಿದು ಆಕೆಯ ಕಡೆಯ ಬಾಗಿಲು ತೆಗೆದು ಕೈ ಮುಗಿದರು. ಆಕೆಯೂ ಇಳಿದು ಮುಗಿದಳು. ಸುತ್ತ ಹಾರ್ನುಗಳ ಗದ್ದಲ. ಇಬ್ಬರೂ ಅದನ್ನು ತಮಗಾಗಿ ಬಾರಿಸುತ್ತಿರುವ ವಾದ್ಯವೆಂದುಕೊಂಡವರಂತೆ ನಗುತ್ತ ನಿಂತರು. ಅದೇ ವಾರ ಮೇಷ್ಟ್ರು ಡ್ರೈವಿಂಗ್ ಪರೀಕ್ಷೆಯಲ್ಲಿ ಮತ್ತೊಮ್ಮೆ ಫೇಲಾದರು. ಬೇಸರವೇನೂ ಮಾಡಿಕೊಳ್ಳಲಿಲ್ಲ. ಮುಂದಿನ ಪಾಠಕ್ಕೆ ಎಂದಿನಂತೆ ಸಮಯಕ್ಕೆ ಸರಿಯಾಗಿ ಬಂದರು.

ವಿಶ್ವವಿದ್ಯಾಲಯದ ಮೊದಲ ದಿನ ಬ್ರೇಕ್ ಅಕ್ಕ ಹೊಸ ಚೀಲ ಹೆಗಲಿಗೇರಿಸಿ, ಬೇಗನೆ ಹೋಗಿ, ಉದ್ದುದ್ದ ಮೊಗಸಾಲೆಗಳಲ್ಲಿ ದಾರಿ ತಪ್ಪಿ, ಸಿಕ್ಕ ಬಾಗಿಲೊಂದನ್ನು ತಳ್ಳಿದಳು. ಒಳಗಿದ್ದ ಹುಡುಗ ಹುಡುಗಿಯರು ದಡಬಡ ಎದ್ದು ನಿಂತರು. ಯಾರು ಬಂದರೆಂದು ಆಕೆ ಹಿಂತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

"ಕೂತ್ಕೊಳ್ರಪ್ಪಾ, ನಾನೂ ಓದೋಕೇ ಬಂದಿರೋದು" ಎಂದು ನುಸುಳಿಕೊಂಡು ಮುಂದಿನ ಬೆಂಚಿನಲ್ಲೇ ಜಾಗ ಹಿಡಿದಳು. ಪಕ್ಕದ ಹುಡುಗಿ ನಕ್ಕು ಸರಿದು ಕೂತಳು. ನಿಜವಾದ ಅಧ್ಯಾಪಕರು ಬಂದು ಎರೆಹುಳುವಿನ ಬಗ್ಗೆ ಶುರು ಮಾಡಿದರು. ತಾನು ಬಂದಿರುವುದು ತಪ್ಪು ಕೋಣೆಗೆ ಎಂದು ಆಕೆಗೆ ಸ್ವಲ್ಪ ಹೊತ್ತಿಗೇ ಹೊಳೆಯಿತು. ಏಳಬೇಕೆಂದುಕೊಂಡಳು. ಅಷ್ಟರಲ್ಲಿ ಎರೆಹುಳುವಿಗೆ ಕಣ್ಣಿಲ್ಲದಿದ್ದರೂ ಬೆಳಕು ತಿಳಿಯುತ್ತದೆ ಎಂದರು. ಅದು ಹೇಗೆಂದು ಕೇಳದೆ ಏಳುವುದಾದರೂ ಹೇಗೆ?

ಸಂಜೆ ಮನೆಯಲ್ಲಿ ಬಟ್ಟೆಯ ಚೂರೊಂದನ್ನು ನೆಲದ ಮೇಲೆ ಎಳೆದಾಡುತ್ತ ಎರೆಹುಳುವಿನ ನಡಿಗೆ ತೋರಿಸುತ್ತಿದ್ದ ಹೆಂಡತಿಯನ್ನು ಗಂಡ ಕೆಲಸ ಬಿಟ್ಟು ನೋಡಿದ. ಅತ್ತೆ ಕೋಲು ಬದಿಗಿಟ್ಟು ಬಾಯಿ ತೆರೆದು ಕೇಳುತ್ತಿದ್ದಳು.

"ಅಲ್ಲ ಕಣೇ, ನೀನು ಸೇರಿದ್ದು ಮಾತಿನ ಕೋರ್ಸಲ್ವಾ?" ಎಂದ ಗಂಡ.

"ಹೌದು ರೀ," ಎಂದಳು ಬ್ರೇಕ್ ಅಕ್ಕ, ಮಂಡಿಯೂರಿದಲ್ಲಿಂದಲೇ. "ಅದಕ್ಕೆ ನಾಳೆ ಹೋಗ್ತೀನಿ."